ತಂಗಿಯ ಕ್ಯಾರಲ್ ಮತ್ತು ಬಚ್ಚಲ ಒಲೆ

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾನು ಕೆಮ್ಮು ಎಣಿಸಲು ಕುಳಿತೆ. ನನ್ನದೂ, ತಂಗಿಯದೂ.

ನಮ್ಮಿಬ್ಬರಿಗೂ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಶ್ವಾಸಕೋಶದ ಕಫ ಅಂಟಿನಂತೆ ಗಟ್ಟಿಯಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ದೋಷವಿರುವ ಜೀನಿನ ಎರಡು ಪ್ರತಿ ಸೇರಿದರೆ ಮಾತ್ರ ಬರುತ್ತದೆ. ನಮ್ಮಿಬ್ಬರಿಗೂ ಸಿಕ್ಕಿದ್ದು ಅವೇ ಎರಡು; ಜೀನಿನ ವರದಿಯಲ್ಲಿ ಹೆಸರು ಮುಚ್ಚಿದರೆ ಯಾವುದು ಯಾರದ್ದೆಂದು ತಿಳಿಯದು. ಆದರೂ ಮಂಗಳೂರಿನ ಆಸ್ಪತ್ರೆಯಲ್ಲಿ ಉಸಿರಿನ ಬಲ ಅಳೆಯುವ ಯಂತ್ರಕ್ಕೆ ಊದಿದಾಗ ಅವಳ ಅಂಕ ಸದಾ ನನ್ನದಕ್ಕಿಂತ ಕೆಳಗೆ. ಶಾಲೆಯ ಅಂಕದಲ್ಲಿ ಮಾತ್ರ ಉಲ್ಟಾ.

ಈ ಸಲ ಅವಳ ಕ್ಯಾರಲ್ ಆ ಅಂಕದ ಮೇಲೆ ನಿಂತಿತ್ತು. ಡಿಸೆಂಬರಿನಲ್ಲಿ ನಮ್ಮ ಚರ್ಚಿನವರು ಆಲಂಕಾರು ಪೇಟೆಯ ಆಚೆಯ ಗುಡ್ಡದ ಮನೆಗಳವರೆಗೂ ಕ್ರಿಸ್‌ಮಸ್ ಹಾಡು ಹಾಡುತ್ತಾ ಹೋಗುತ್ತಾರೆ. ಮುಖ್ಯ ಹಾಡನ್ನು ಮೊದಲ ಬಾರಿಗೆ ತಂಗಿಗೆ ಕೊಟ್ಟಿದ್ದರು. ಅಮ್ಮ ಷರತ್ತು ಹಾಕಿದರು. ನಮ್ಮ ಮನೆಮಾತು ಮಲಯಾಳ, ಆದರೆ ಜಗಳ, ಷರತ್ತು ಎಲ್ಲ ಕನ್ನಡದಲ್ಲಿ.

"ತಿಂಗಳ ಕೊನೆಗೆ ಊದ್ಲಿಕ್ಕೆ ಉಂಟಲ್ಲ, ಅದ್ರಲ್ಲಿ ಹೋದ ಸಲಕ್ಕಿಂತ ಕಮ್ಮಿ ಬಂದ್ರೆ ಹಾಡುದೂ ಬೇಡ, ಗುಡ್ಡ ಹತ್ತುದೂ ಬೇಡ."

ಅದಕ್ಕೇ ನನ್ನ ಎಣಿಕೆ. ಅವಳ ಉಸಿರನ್ನು ಕೆಡಿಸುತ್ತಿರುವುದು ಏನೆಂದು ಹಿಡಿದೇ ಬಿಡುತ್ತೇನೆಂದು ಹೊರಟೆ. ಮೊದಲ ದಿನದ ಲೆಕ್ಕ: ನಾನು ಮೂವತ್ತೊಂದು ಕೆಮ್ಮು, ಅವಳು ಒಂಬತ್ತು.

"ಚೇಟ್ಟಾ, ನಿಂಗೆ ಫಸ್ಟ್ ರ‍್ಯಾಂಕ್," ಎಂದಳು. ಅಣ್ಣನನ್ನು ನಮ್ಮಲ್ಲಿ ಚೇಟ್ಟ ಎಂದು ಕರೆಯುವುದು. "ನಿನ್ನನ್ನೇ ಮನೇಲಿ ಕೂರಿಸ್ಬೇಕು."

ಕೆಮ್ಮಿದಷ್ಟೂ ಕಫ ಹೊರಬಂದು ಒಳ್ಳೆಯದಾಗುತ್ತದೆ ಎಂಬುದು ಆಮೇಲೆ ನೆನಪಾಯಿತು. ಆ ಕಾಲಂ ಹೊಡೆದುಹಾಕಿದೆ. ಊಟ, ಮಾತ್ರೆ, ನಿದ್ದೆ ಎಂದು ಬೇರೆ ಕಾಲಂ ಎಳೆದೆ. ಇಬ್ಬರದೂ ಸರಿಸಮ. ಹೊಗೆಗೆ ಕಾಲಂ ಇಡಲೇ ಇಲ್ಲ. ರಬ್ಬರ್ ಶೀಟು ಒಣಗಿಸುವ ಹೊಗೆಮನೆಯನ್ನು ನಾವು ಚಿಕ್ಕವರಿದ್ದಾಗಲೇ ಅಪ್ಪ ತೋಟದ ಆಚೆ ಕೊನೆಗೆ ಸಾಗಿಸಿದ್ದರು. ಹೊಗೆಯ ವಿಷಯ ಅಲ್ಲಿಗೆ ಮುಗಿಯಿತೆಂದು ಮನೆಯವರೆಲ್ಲ ನಂಬಿದ್ದೆವು.

ಹದಿಮೂರನೇ ತಾರೀಕು ಬೆಳಿಗ್ಗೆ ಕರೆಂಟ್ ಇರಲಿಲ್ಲ. ಔಷಧಿಯನ್ನು ಹಬೆಯಂತೆ ಎಳೆದುಕೊಳ್ಳುವ ನಮ್ಮ ಯಂತ್ರ ಓಡುವುದಿಲ್ಲವೆಂದು ಹೇಳಲು ಹೋದರೆ ತಂಗಿ ಕೋಣೆಯಲ್ಲಿಲ್ಲ. ಹಾಡು ಮಾತ್ರ ಕೇಳುತ್ತಿತ್ತು. ಅದರ ಜಾಡು ಹಿಡಿದು ಹೋದೆ. ಬಚ್ಚಲುಮನೆಯಲ್ಲಿ, ನೀರಿನ ಹಂಡೆಯ ಒಲೆಯ ಮುಂದೆ, ಮಣೆ ಹಾಕಿ ಶಾಲು ಹೊದ್ದು ಕುಳಿತಿದ್ದಾಳೆ. ಒಂದು ಕೈಯಲ್ಲಿ ಹಾಡಿನ ಪುಸ್ತಕ, ಇನ್ನೊಂದು ಕೈ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತಿದೆ. ಮಾಡಿನವರೆಗೆ ಹೊಗೆ.

"ಇಲ್ಲಿ ಎಂತ ಮಾಡ್ತಾ ಇದ್ದಿ?"

"ಪ್ರಾಕ್ಟೀಸು. ದಿನಾ ಬರ್ತೇನೆ. ಇಲ್ಲಿ ನನ್ನ ಸ್ವರ ಕೇಳು ಮಾರಾಯ, ಮೈಕ್ ಹಾಕಿದ ಹಾಗೆ ಉಂಟು."

"ಈ ಹೊಗೆ?"

"ಇದು ಎಂತ ಹೊಗೆ! ಮೀಯ್ಲಿಕ್ಕೆ ನೀರು ಕಾಯಿಸುದು."

ಅಮ್ಮನೂ ಅದನ್ನೇ ಹೇಳಿದರು. ಅಪ್ಪ ಮಾತ್ರ ತಲೆಗೆ ಕೈ ಹಚ್ಚಿದರು. "ರಬ್ಬರಿನ ಹೊಗೆಯನ್ನು ಗಡಿಪಾರು ಮಾಡಿದ್ದು ನಾನು. ಅಡಿಕೆ ಸಿಪ್ಪೆಯದ್ದನ್ನು ಮನೆ ಅಳಿಯನ ಹಾಗೆ ಸಾಕಿದ್ದೂ ನಾನೇ!"

ಯೋಚಿಸಿದರೆ, ಮಳೆಗಾಲದಲ್ಲಿ ಅವಳು ಪಾಠ ಓದುತ್ತಿದ್ದದ್ದೂ ಆ ಒಲೆಯ ಬುಡದಲ್ಲೇ. ಬೆಚ್ಚಗಿರುತ್ತದೆ. ನನಗೋ ಅಲ್ಲಿ ಕಾಲಿಟ್ಟರೆ ಸೀನು; ಸಂಜೆ ಒಲೆ ಆರಿದ ಮೇಲೆ ಎರಡು ಚೆಂಬು ಹೊಯ್ದುಕೊಂಡು ಓಡುವವನು. ಒಂದೇ ಸೂರಿನಡಿ ಬೆಳೆದೆವು, ಆದರೆ ಕುಡಿದ ಗಾಳಿ ಬೇರೆ.

ಮರುದಿನದಿಂದ ನೀರು ಗ್ಯಾಸಿನಲ್ಲಿ ಕಾಯಿತು. ಹಾಡು ಜಗಲಿಗೆ ಬಂತು. ಅಲ್ಲಿ ಸ್ವರ ಸಣ್ಣದಾಯಿತೆಂದು ಅವಳ ಮುಖವೂ ಸಣ್ಣದಾಯಿತು.

ಇಪ್ಪತ್ತಾರನೇ ತಾರೀಕು, ಬುಧವಾರ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಹೋದೆವು. ತಂಗಿ ಮೂರು ಸಲ ಊದಿದಳು. ಅಮ್ಮನ ಕೈಯಲ್ಲಿ ಜಪಮಣಿ ಸರಸರ ಓಡುತ್ತಿತ್ತು. ಅಂಕ ಹೋದ ಸಲದಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಜಾಸ್ತಿ ಆಗ್ಲಿಲ್ಲ," ಎಂದು ಅಮ್ಮ ರಾಗ ಎಳೆದರು.

"ಕಮ್ಮಿ ಆಗ್ಬಾರ್ದು ಅಂತ ಹೇಳಿದ್ದು ನೀವೇ! ಚೇಟ್ಟ ಸಾಕ್ಷಿ!"

ನಾನು ಡಾಕ್ಟರ ಮುಂದೆ ಒಲೆಯನ್ನು ಅಪರಾಧಿಯೆಂದು ಘೋಷಿಸಿದೆ. ಅವರು ನಕ್ಕರು. "ಹೊಗೆ ಬಿಡಿಸಿದ್ದು ಒಳ್ಳೆದಾಯ್ತು. ಆದ್ರೆ ಎಲ್ಲ ಒಲೆಯ ತಲೆಗೆ ಕಟ್ಟಬೇಡ. ಕಾಯಿಲೆ ತಂದ ಜೀನು ನಿಮ್ಮಿಬ್ಬರದ್ದೂ ಒಂದೇ. ಅದು ಎಷ್ಟು ಜೋರಾಗ್ತದೆ ಅನ್ನುದರಲ್ಲಿ ಬೇರೆ ಜೀನುಗಳ ಕೈಯೂ ಉಂಟು, ಅವು ನಿಮಗೆ ಬೇರೆ ಬೇರೆ ಬಂದಿರಬಹುದು. ಮತ್ತೆ ಸೋಂಕು, ಊಟ, ಹೊಗೆ. ಯಾವುದು ಎಷ್ಟು ಅಂತ ನಿಮ್ಮಿಬ್ಬರನ್ನು ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಇಬ್ಬರು ಸಾಲುದಿಲ್ಲ."

ತಂಗಿ ಹಾಡಿದಳು. ಗುಡ್ಡದ ಏರಿನಲ್ಲಿ ಅಮ್ಮನ ಹೊಸ ಷರತ್ತಿನಂತೆ ಡ್ರಮ್ಮಿನ ಜೊತೆ ಜೀಪಿನಲ್ಲಿ ಕುಳಿತಳು. ಇಳಿದು ಹಾಡಿ ಮತ್ತೆ ಹತ್ತಿದಳು. ಮುಂದಿನ ಡಿಸೆಂಬರಿನಲ್ಲಿ ಅವಳಿಗೆ ಎಲ್ಲರ ಜೊತೆ ನಡೆದೇ ಹತ್ತಬೇಕಂತೆ.

ಆದ್ದರಿಂದ ಕೇಳುತ್ತಿದ್ದೇನೆ. ಪುತ್ತೂರು, ಸುಳ್ಯ, ಕಡಬದ ಕಡೆ ಅಥವಾ ಎಲ್ಲೇ ಆಗಲಿ, ಒಂದೇ ಮನೆಯಲ್ಲಿ ಈ ಕಾಯಿಲೆಯ ಇಬ್ಬರು ಮಕ್ಕಳಿದ್ದರೆ, ಯಾರು ಎಲ್ಲಿ ಮಲಗುತ್ತಾರೆ, ಎಲ್ಲಿ ಕೂತು ಓದುತ್ತಾರೆ, ಯಾರ ಉಸಿರು ಗಟ್ಟಿ ಎಂದು ಬರೆದು ತಿಳಿಸಿ. ಜೀನುಗಳ ವಿಷಯ ಬಲ್ಲವರು ನಾನು ತಪ್ಪಿದ್ದಲ್ಲಿ ತಿದ್ದಿ. ಇಬ್ಬರು ಸಾಲುವುದಿಲ್ಲವಂತೆ.