ಹೊಗೆ ತೊಳೆಯುವ ಅಂಗಡಿ

ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕರೆಂಟಿನ ಮೋಟಾರು ಬಂದ ವರ್ಷ ಅಲ್ಲಿನ ಡೀಸೆಲ್ ಎಂಜಿನ್ ಮೂಲೆ ಸೇರಿತು. ಅದನ್ನು ನೋಡಿಕೊಳ್ಳುತ್ತಿದ್ದ ಸಿದ್ದಬಸಪ್ಪ ಮನೆ ಸೇರಿದ. ಗೊತ್ತಿದ್ದ ವಿದ್ಯೆ ಅದೊಂದೇ. ಆಲೂರು ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ, ಎಂಜಿನ್ನುಗಳ ಗಾಳಿ ಫಿಲ್ಟರು, ಮಸಿ ಕಟ್ಟಿದ ಸೈಲೆನ್ಸರು ತೊಳೆದುಕೊಡುವುದಾಗಿ ಬೋರ್ಡು ಬರೆಸಿದ. ಊರವರು ಅದನ್ನು ಹೊಗೆ ತೊಳೆಯುವ ಅಂಗಡಿ ಎಂದು ಕರೆದು ನಕ್ಕರು.

ಅವನ ಹೆಂಡತಿ ಬಸಲಿಂಗಮ್ಮ ಬುತ್ತಿ ತಂದವಳು ಅಲ್ಲೇ ಕುಳಿತುಬಿಡುತ್ತಿದ್ದಳು. ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ, ತಂತಿಯ ಜಾಲರಿ ಯಾಕೆ, ಅದರ ಕೆಳಗಿನ ಬಟ್ಟಲಿನಲ್ಲಿ ಎಣ್ಣೆ ಯಾಕೆ ಎಂದು ಕೇಳುತ್ತಿದ್ದಳು. ಧೂಳೆಲ್ಲ ಎಣ್ಣೆಗೆ ಅಂಟಿಕೊಂಡು ಶುದ್ಧ ಗಾಳಿ ಮಾತ್ರ ಎಂಜಿನ್ನಿಗೆ ಹೋಗುತ್ತದೆ ಎಂದು ತಿಳಿದಾಗ, ಹತ್ತಿ ಮಿಲ್ಲಿನ ಹೆಣ್ಣಾಳುಗಳ ಮೂಗಿಗೂ ಇಂಥದೊಂದು ಬೇಕಿತ್ತು ಎಂದಳು.

ಮೊದಲು ಬಂದ ಗಿರಾಕಿ ಹೊಳಗುಂದದ ಬಜಾರಪ್ಪ. ಅವನ ಬಾವಿಯ ಎಂಜಿನ್ ಕರಿ ಹೊಗೆ ಉಗುಳಿ ನಿಂತುಬಿಡುತ್ತಿತ್ತು. ಸಿದ್ದಬಸಪ್ಪ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಕೊಟ್ಟ. ಕೆಲವೇ ದಿನಕ್ಕೆ ತಿರುಗಿ ಬಂತು. ಮತ್ತೆ ತೊಳೆದ, ಮತ್ತೆ ಬಂತು. ಈ ಸಲ ಬಜಾರಪ್ಪ ಅದನ್ನು ಕಲ್ಲಿನ ಮೇಲೆ ಕುಕ್ಕಿದ.

“ಸಿದ್ದಬಸಪ್ಪಾ, ನಾಳೆ ನಮ್ಮೂರ ಸಂತಿ. ಇದು ಸರಿಹೋದ್ರ ಹೊಳಗುಂದದ ಎಂಜಿನ್ನೆಲ್ಲಾ ನಿನ್ನ ಬಾಗಲಿಗೆ ಕಳಸ್ತೀನಿ. ಇಲ್ಲಾಂದ್ರ, ಇಂವಾ ಬರೇ ಬೋರ್ಡು ತೊಳಿಯಾಂವ ಅಂತ ಸಂತ್ಯಾಗ ಹೇಳ್ತೀನಿ.”

ಸಿದ್ದಬಸಪ್ಪನ ಮುಖ ಸಣ್ಣದಾಯಿತು. ಸಂತೆಯಲ್ಲಿ ಆಡಿದ ಮಾತು ಹಬ್ಬಿದರೆ ಶೆಡ್ಡಿಗೆ ಬೀಗವೇ ಗತಿ.

ಬಸಲಿಂಗಮ್ಮ ಜಾಲರಿಯ ಕಪ್ಪನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಮಸಿಯಂತೆ ಉದುರಲಿಲ್ಲ, ಬೆಲ್ಲದ ಪಾಕದಂತೆ ಎಳೆ ಬಂತು. ಮೂಸಿದಳು. ಎಂಜಿನ್ ಆಯಿಲಿನ ವಾಸನೆ ಅಲ್ಲ. ಮೆಣಸಿನಕಾಯಿ ಬಜ್ಜಿ ಕರಿದು ಕರಿದು ಬಾಣಲೆಯ ಅಂಚಿಗೆ ಜಿಡ್ಡು ಕಟ್ಟುತ್ತದಲ್ಲ, ಅದರ ವಾಸನೆ.

“ಅಣ್ಣಾ, ಕೆಳಗಿನ ಬಟ್ಟಲದಾಗ ಯಾವ ಎಣ್ಣಿ ಹಾಕ್ತೀರಿ?”

“ನಮ್ಮ ಹೊಲದ ಶೇಂಗಾ ಎಣ್ಣಿ, ಮತ್ಯಾವ್ದು?” ಬಜಾರಪ್ಪ ಎದೆ ಸೆಟೆಸಿದ. “ಬಾವಿ ನೀರೆತ್ತೂ ಕಪಿಲಿ ಎತ್ತಿಗೆ ಬಿದಿರ ಗೊಟ್ಟದಾಗ ಕುಡಸ್ತಿದ್ವಿ. ಎತ್ತು ಮಾರಿ ಇದನ್ನ ತಂದೀನಿ. ಈಗ ನೀರೆತ್ತೂದು ಇದು. ಆ ಎಣ್ಣಿ ಇದಕ್ಕ ಸಲ್ಲಬೇಕಲ್ಲ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಗುವಂತಿರಲಿಲ್ಲ. ಅವನು ಮನೆಯ ಒಳ್ಳೆಯದನ್ನೇ ಎಂಜಿನ್ನಿಗೆ ಕೊಟ್ಟಿದ್ದ.

ಎಂಜಿನ್ನಿನ ಬಿಸಿಗೆ ಜಿಡ್ಡುಗಟ್ಟಿದ ಅಡಿಗೆ ಎಣ್ಣೆ ಸೀಮೆಎಣ್ಣೆಗೆ ಬಿಡುವುದಿಲ್ಲ, ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಬೇಕು ಎಂದಳು ಬಸಲಿಂಗಮ್ಮ. ಸೋಡಾ ತಂತಿಯನ್ನೇ ತಿಂದರೆ ಎಂಬ ಅಂಜಿಕೆ ಸಿದ್ದಬಸಪ್ಪನಿಗೆ. ಒಂದು ಹಳೆಯ ತಂತಿಯ ತುಂಡನ್ನು ಮೊದಲು ಕುದಿಸಿ, ಬಾಗಿಸಿ ನೋಡಿ, ಆಮೇಲೆ ಜಾಲರಿಯನ್ನು ಹಂಡೆಗಿಳಿಸಿದ. ನೀರು ಕಷಾಯದ ಬಣ್ಣಕ್ಕೆ ತಿರುಗಿತು. ತೊಳೆದು ಒಣಗಿಸಿ ಎತ್ತಿ ಹಿಡಿದಾಗ ಆಚೆಯ ಆಕಾಶ ಕಂಡಿತು.

“ಹಂಗಾರ ಎತ್ತಿನ ಪಾಲು?” ಬಜಾರಪ್ಪನಿಗೆ ಇನ್ನೂ ಸಮಾಧಾನವಿಲ್ಲ.

“ದೀಪಕ್ಕ ಹಾಕ್ರಿ,” ಎಂದಳು ಬಸಲಿಂಗಮ್ಮ. “ಇದಕ್ಕ ಇದರ ಆಯಿಲ್ಲೇ ಇರಲಿ. ಎತ್ತಿಗೆ ನೀವು ಡೀಸೆಲ್ ಕುಡಸ್ತಿದ್ರೇನು?”

ಬಜಾರಪ್ಪ ಫಿಲ್ಟರನ್ನು ಹೆಗಲಿಗೇರಿಸಿದ.

ಸಂತೆ ಕಳೆಯಿತು. ಸುದ್ದಿಯಿಲ್ಲ. ಬಸ್ಸು ನಿಂತಾಗಲೆಲ್ಲ ಸಿದ್ದಬಸಪ್ಪ ಹೊರಗೆ ಇಣುಕುತ್ತಿದ್ದ. ಮುಂದಿನ ವಾರ ಬಜಾರಪ್ಪ ಬರಿಗೈಯಲ್ಲಿ ಇಳಿದ. ಹಿಂದೆ ಅವನ ಪಕ್ಕದ ಹೊಲದ ಯರ್ರೆಪ್ಪ, ಟವೆಲಿನಲ್ಲಿ ಸುತ್ತಿದ ಫಿಲ್ಟರು ಹೊತ್ತಿದ್ದ. ಗಂಟು ಬಿಚ್ಚುವ ಮೊದಲೇ ಬಸಲಿಂಗಮ್ಮ ಬಗ್ಗಿ ಮೂಸಿದಳು.

“ಹರಳೆಣ್ಣಿ.”

ಯರ್ರೆಪ್ಪ ನೆಲ ನೋಡಿದ. ಸಿದ್ದಬಸಪ್ಪ ಹಂಡೆಗೆ ನೀರು ತರಲು ಹೊರಟ.