ಪ್ಯಾಸೆಂಜರ್ ಫಿರ್ಮ್ಯಾಂ

ದಿಜೋಂ ನಿಲ್ದಾಣದ ನನ್ನ ಟಿಕೆಟ್ ಕಿಟಕಿಯಲ್ಲಿ ಯಾರಾದರೂ ಲಿಯೋಂಗೆ ಎಕ್ಸ್‌ಪ್ರೆಸ್ ಕೇಳಿದರೆ ಸಾಕು, ಪಕ್ಕದ ಬೆಂಚಿನಿಂದ ಮುದುಕ ಫಿರ್ಮ್ಯಾಂ ಮೂಗು ತೂರಿಸುತ್ತಾನೆ: "ಅದಕ್ಕೆ ಸೀಟು ಬೇರೆ ಕಾದಿರಿಸ್ಬೇಕು, ಆ ಓಟಕ್ಕೆ ಹೊರಗಡೆ ಒಂದು ಹಸುನೂ ಕಾಣಲ್ಲ! ಪ್ಯಾಸೆಂಜರ್ ಹತ್ತಿ ಮಾರಾಯ್ರೇ." ಬೋನ್ ನಿಲ್ದಾಣ ಬಂದಾಗ ಬ್ರೆಡ್ಡು ಮುರಿಯಬೇಕಂತೆ, ಷಲೋಂನಲ್ಲಿ ಚೀಸು ಬಿಚ್ಚಬೇಕಂತೆ, ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ಮಾತು ಕೇಳದೆ ಎಕ್ಸ್‌ಪ್ರೆಸ್ಸಿಗೆ ಓಡುವವರನ್ನು "ಸಾಯೋಕೂ ಅವಸರ ಇವ್ರಿಗೆ" ಎಂದು ಹಂಗಿಸುತ್ತಾನೆ. ಓದಿಲ್ ಎಂಬ ಅವನ ಹೆಂಡತಿ ಲಿಯೋಂ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಅವಳನ್ನು ನೋಡಲು ಅವನು ಹತ್ತಿದ್ದ ಪ್ಯಾಸೆಂಜರ್ ಇನ್ನೂ ದಾರಿಯ ಮಾಕೋಂನಲ್ಲಿ ನಿಂತಿತ್ತು. ದಿನವೂ ಮನೆಗೆ ಹೊರಡುವಾಗ ನನ್ನ ಕಿಟಕಿಗೆ ಬಗ್ಗುತ್ತಾನೆ: "ಅವತ್ತು ಎಕ್ಸ್‌ಪ್ರೆಸ್ಸೂ ಲೇಟಾಗಿತ್ತು, ಅಲ್ವೇನಮ್ಮಾ?" "ಹೂಂ, ತುಂಬಾ ಲೇಟು," ಎನ್ನುತ್ತೇನೆ. ಅದು ಸರಿಯಾದ ಹೊತ್ತಿಗೇ ಹೊರಟಿತ್ತು. ಅವತ್ತು ನಾನು ಕೊಡಲು ಹೋದಾಗ ಅವನು ಬೇಡವೆಂದ ಸೀಟು ಖಾಲಿಯಾಗಿಯೇ ಲಿಯೋಂ ಮುಟ್ಟಿತ್ತು.