ಊಟ ಭಾರಿ ಚೆನ್ನಾಗಿತ್ತು

ಏನನ್ನೇ ಕೊಳ್ಳುವ ಮೊದಲು ಫೋನಿನಲ್ಲಿ ರಿವ್ಯೂ ಓದುವ ಚಾಳಿ ನನಗಿದೆ. ಐದು ಸ್ಟಾರ್ ಕೊಟ್ಟವರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಒಂದು ಸ್ಟಾರ್ ಕೊಟ್ಟವರು ಎಲ್ಲಿಯದೋ ಸಿಟ್ಟನ್ನು ಇಲ್ಲಿ ತೀರಿಸಿಕೊಂಡಿರುತ್ತಾರೆ. ಮೂರು ಸ್ಟಾರ್ ಕೊಟ್ಟು, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದವರ ಮಾತು ಮಾತ್ರ ನನಗೆ ಬೇಕು. ಹೀಗೆ ವಾರಗಟ್ಟಲೆ ಓದಿ, ಕೊನೆಗೆ ಬೇಸತ್ತು ನಮ್ಮೂರು ಸಾಗರದ ಪೇಟೆಯಲ್ಲೇ ಕುಕ್ಕರ್ ತಂದದ್ದೂ ಉಂಟು. ಸಾಕಾಗಿಹೋಗಿದೆ, ಆದರೂ ಬಿಡಲಾಗುವುದಿಲ್ಲ.

ನನ್ನ ನಾದಿನಿ ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ಸಣ್ಣದೊಂದು ಊಟದ ಹೋಟೆಲ್ ಇಟ್ಟಿದ್ದಾಳೆ. ಅವಳ ಗಂಡ ಸೊಂಟ ನೋವಿನಿಂದ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಮನೆ ನಡೆಯುವುದು ಅದರಿಂದಲೇ. ಅಲ್ಲಿಯ ಕೋಟೆ ನೋಡಲು ಬರುವವರು, ಹುಲಿಕಲ್ ಘಾಟಿ ಇಳಿಯುವವರು ಎಲ್ಲಿ ಊಟ ಮಾಡಬೇಕೆಂದು ಈಗ ಫೋನನ್ನೇ ಕೇಳುತ್ತಾರೆ. ಅದಕ್ಕೇ ಅವಳು, ಎಲ್ಲರೂ ಒಂದೊಂದು ರಿವ್ಯೂ ಹಾಕಿ ಎಂದು ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಕೇಳಿಕೊಂಡಳು.

ನಮ್ಮವರಿಗೆ ಊಟದ ಬಗ್ಗೆ ಗೊತ್ತಿರುವುದು ಒಂದೇ ಮಾತು. ಮದುವೆಮನೆಯಲ್ಲಿ ಕೈ ತೊಳೆದು ಬರುವಾಗ ಎದುರಿಗೆ ಸಿಕ್ಕ ಮನೆಯವರಿಗೆ ಹೇಳುವ "ಊಟ ಭಾರಿ ಚೆನ್ನಾಗಿತ್ತು". ಪಲ್ಯ ಸೀದಿದ್ದರೂ ಅದೇ. ಸಂಜೆಯೊಳಗೆ ಎಲ್ಲರೂ ಅದನ್ನೇ ಬರೆದು ಐದು ಸ್ಟಾರ್ ಒತ್ತಿದ್ದರು. ತೀರ್ಥಹಳ್ಳಿಯ ದೊಡ್ಡಮ್ಮ ಆ ಹೋಟೆಲಿನ ಹೊಸ್ತಿಲು ತುಳಿದವರೇ ಅಲ್ಲ, ಅವರದ್ದೂ ಬಂದಿತ್ತು.

ಸ್ವಲ್ಪ ದಿನದಲ್ಲೇ ಯಾರೋ ಪ್ರವಾಸಿ ಬರೆದ: "ಎಲ್ಲಾ ಒಂದೇ ದಿನದ್ದು, ಒಂದೇ ಮಾತು. ನೆಂಟರ ಕೆಲಸ. ನಂಬಬೇಡಿ." ಆ ಪುಟವನ್ನು ನಾನು ಗುರುತಿಲ್ಲದವಳಂತೆ ಓದಿ ನೋಡಿದೆ. ನಾನಾದರೂ ಅಲ್ಲಿ ಊಟಕ್ಕೆ ನಿಲ್ಲುತ್ತಿರಲಿಲ್ಲ. ಅವಳ ಅಡುಗೆ ನಿಜಕ್ಕೂ ಚೆನ್ನಾಗಿರುತ್ತದೆ. ಆ ನಿಜವನ್ನೇ ನಾವೆಲ್ಲ ಸೇರಿ ಸುಳ್ಳಿನ ಹಾಗೆ ಕಾಣಿಸಿಬಿಟ್ಟಿದ್ದೆವು.

ಆಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಊಟದ ಹೊತ್ತಿನಲ್ಲೂ ಬೆಂಚುಗಳು ಖಾಲಿ ಇದ್ದವು. ಅವಳು ಎಳೆಬಿದಿರಿನ ಕಳಲೆ ಪಲ್ಯ, ಸಾರು ಬಡಿಸಿದಳು.

"ಊಟ ಚೆನ್ನಾಗಿದೆ ಕಣೇ," ಎಂದೆ.

"ನೀವು ಹಂಗೇ ಹೇಳ್ತೀರಿ ಬಿಡಿ ಅತ್ತಿಗೆ."

"ಇಲ್ಲ ಮಾರಾಯ್ತಿ, ನಿಜವಾಗ್ಲೂ."

"ದೊಡ್ಡಮ್ಮನೂ ಹಂಗೇ ಬರ್ದಿದ್ರಲ್ಲ, ಉಣ್ದೇನೇ."

ಅವಳ ಮುಖ ನೋಡಲಾಗಲಿಲ್ಲ. ನನ್ನದೊಂದು ಮಾತನ್ನಾದರೂ ನಂಬಲಿ ಎಂದು ಮೂರು ಸ್ಟಾರಿನವರ ದಾರಿ ಹಿಡಿದೆ. "ಪಲ್ಯ ಒಳ್ಳೇದಾಗಿದೆ. ಸಾರಿಗೆ ಮಾತ್ರ ಉಪ್ಪು ಒಂಚೂರು ಜಾಸ್ತಿ ಆಯ್ತು ನೋಡು." ಉಪ್ಪು ಹದವಾಗಿಯೇ ಇತ್ತು.

ಅವಳು ತಟ್ಟನೆ ತಿರುಗಿದಳು. "ಹೌದಾ? ಹಂಗಾದ್ರೆ ಪಲ್ಯ ನಿಜವಾಗ್ಲೂ ಚೆನ್ನಾಗಿದ್ಯಾ?" ಎಂದವಳು ನಕ್ಕು ಇನ್ನೊಂದು ಸೌಟು ಪಲ್ಯ ಹಾಕಿದಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಸಾಗರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಮುಂದಿನ ವಾರ ಅವಳ ಫೋನ್ ಬಂತು.

"ಅತ್ತಿಗೆ, ಯಾರೋ ಸಾರು ಸಪ್ಪೆ ಅಂತ ಹಾಕಿದಾರೆ. ನೀವು ಹೇಳಿದ್ಮೇಲೆ ಉಪ್ಪು ಕಮ್ಮಿ ಮಾಡಿದ್ದೆ. ಈಗ ಎಂತ ಮಾಡ್ಲಿ?"

"ಮೊದಲು ಹಾಕ್ತಿದ್ದಷ್ಟೇ ಹಾಕು. ಅದೇ ಹದ."

"ಇದಾದ್ರೂ ನಿಜಾನಾ?" ಎಂದಳು.

ಹೌದು ಎಂದೆ. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಫೋನ್ ಇಟ್ಟ ಮೇಲೆ ಆ ರಿವ್ಯೂ ತೆಗೆದು ನೋಡಿದೆ. ಪಲ್ಯ ಚೆನ್ನಾಗಿತ್ತು, ಸಾರು ಸಪ್ಪೆ, ಮೂರು ಸ್ಟಾರ್. ನಾನು ಕಣ್ಣು ಮುಚ್ಚಿಕೊಂಡು ನಂಬುವಂಥದ್ದು.